ಕಾಗೆಗಳಿಗೆ ಓದಿದ ಬೇಸಿಗೆ

ಬೇಸಿಗೆ ಬಂತೆಂದರೆ ನಮ್ಮ ಓಣಿಯವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ. ಬಿಸಿಲು ಏರುವ ಮೊದಲೇ ಓಣಿಯ ಮಕ್ಕಳು ನನ್ನ ತಾರಸಿ ಹತ್ತಿ, ಕೈಗೆ ಸಿಕ್ಕ ಪುಸ್ತಕ ಹಿಡಿದು, ಗಂಟಲು ಹರಿಯುವ ಹಾಗೆ ಓದುತ್ತಾರೆ. ಒಬ್ಬ ಕನ್ನಡ ಓದಿದರೆ ಪಕ್ಕದವಳು ತೆಲುಗು ಓದುತ್ತಾಳೆ. ಯಾರ ದನಿಯೂ ಯಾರಿಗೂ ಅಡ್ಡ ಬರುವುದಿಲ್ಲ, ಅಕ್ಕಪಕ್ಕದ ಮನೆಗಳ ನಿದ್ದೆಗೆ ಮಾತ್ರ ಅಡ್ಡ ಬರುತ್ತದೆ. ಎದುರು ಮನೆಯಲ್ಲಿ ಜೀನ್ಸ್ ಹೊಲಿಸುವ ಯಜಮಾನರು ಕಳೆದ ವರ್ಷ ಗೇಟಿನ ತನಕ ಬಂದರು. ಒಳ್ಳೆಯವರೇ, ಆದರೆ ರಾತ್ರಿಪಾಳಿ ಮಾಡಿ ಬೆಳಿಗ್ಗೆ ಮಲಗುವವರು.

“ಮೇಡಮ್ಮಾರ, ಹುಡುಗ್ರಿಗೆ ಸೂಟಿ ಐತ್ರಿ. ಸೂಟ್ಯಾಗರ ಬಿಡ್ರಿ ಅವನ್ನ. ಕೈಯಾಗ ಒಂದು ಫೋನು ಕೊಟ್ರ ತಮ್ಮ ಪಾಡಿಗೆ ತಾವು ಸುಮ್ನ ಕುಂದರ್ತಾವ.”

“ಸುಮ್ನ ಕುಂದ್ರಬಾರ್ದು ಅಂತನ ಕರ್ಕೊಂಡೀನ್ರಿ,” ಅಂದೆ.

ರಜೆಯಲ್ಲಿ ಓದುವುದರಿಂದ ಏನು ಲಾಭ ಎಂದು ಶಾಲೆಗಳವರು ಆಗಾಗ ನನ್ನನ್ನು ಭಾಷಣಕ್ಕೆ ಕರೆಯುತ್ತಾರೆ. ನಾನು ಹೋಗುವುದಿಲ್ಲ. ಲಾಭ ಕೇಳುವವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಹುಟ್ಟುತ್ತಲೇ ಪುಸ್ತಕದ ಹುಳುವಾಗಿದ್ದೆ ಎಂದು ಬರೆದುಕೊಳ್ಳುವ ಜಾತಿಯೂ ನನ್ನದಲ್ಲ. ನಾಲ್ಕನೇ ಕ್ಲಾಸು ಮುಗಿಸಿದಾಗ ನನಗೆ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಆ ವರ್ಷದ ಮಳೆಗಾಲವಿಡೀ ವಿಷಮಜ್ವರದಲ್ಲಿ ಮಲಗಿದ್ದೆ. ಎದ್ದು ಶಾಲೆಗೆ ಹೋಗುವ ಹೊತ್ತಿಗೆ ಉಳಿದ ಮಕ್ಕಳು ಪುಟ ತಿರುಗಿಸುತ್ತಿದ್ದರು, ನಾನು ಅಕ್ಷರ ಕೂಡಿಸುತ್ತಿದ್ದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲು ಮರೆತುಹೋಗಿರುತ್ತಿತ್ತು. ಅಂಥವಳು ಓದು ಕಲಿತದ್ದು ಬೇಸಿಗೆ ರಜೆಯಲ್ಲಿ, ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ, ಮನೆಯ ಯಜಮಾನರ ಮಾತು ಮೀರಿ.

ಆ ಮನೆ ಬೆಟ್ಟದ ಬುಡದ ಓಣಿಯಲ್ಲಿತ್ತು. ಬೀದಿಗೆ ಕಲ್ಲಿನ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ದೇವರ ಕೋಣೆ. ಕಿಟಕಿಗಳು ಕಡಿಮೆ, ಇದ್ದವೂ ಅಂಗೈಯಗಲ. ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಬಿಟ್ಟಿದ್ದ ಒಂದು ಬೆಳಕಿಂಡಿಯಿಂದ. ಅದರ ನೇರ ಕೆಳಗೆ, ಪಡಸಾಲೆಯ ನಡುಕಂಬಕ್ಕೆ ಒರಗಿ ಅಜ್ಜಿ ಕೂರುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಅಜ್ಜಿಗೆ ಮುಖಗಳು ಕಾಣುತ್ತಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. ಬೆಳಕಿಂಡಿಯಿಂದ ಬಿಸಿಲು ಮಾತ್ರವಲ್ಲ, ಮಾಳಿಗೆಯ ಮೇಲಾಡಿದ ಮಾತೂ ಕೆಳಗೆ ಬೀಳುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಗುಟ್ಟು ಮಾಡಬೇಕಾದವರು ಬಚ್ಚಲಿಗೆ ಹೋಗಬೇಕಿತ್ತು.

ಮನೆಯ ಮಾತು ದೊಡ್ಡಪ್ಪನದು. ಪೇಟೆಯಲ್ಲಿ ಕಿರಾಣಿ ಅಂಗಡಿ, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಮೆತ್ತಗಿನ ದನಿ. ಅವರು ಗದರಿದ್ದನ್ನು ನಾನು ಕೇಳಿಲ್ಲ, ಗದರುವ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನಪ್ಪ ಅಂಗಡಿಗೆ ಸರಕು ತರಲು ಕಣೇಕಲ್ಲು, ಬಳ್ಳಾರಿ ಎಂದು ತಿರುಗುತ್ತಿದ್ದ. ಮನೆಯಲ್ಲಿದ್ದ ದಿನ ಅಣ್ಣನೆದುರು ಅವನ ತಲೆ ತಟ್ಟೆಯ ಕಡೆಗೇ ಬಾಗಿರುತ್ತಿತ್ತು. ಅಮ್ಮ ಮಡಕಶಿರಾ ಕಡೆಯವಳು, ರತ್ನಗಿರಿಯ ಕೋಟೆಯ ಕೆಳಗಿನ ಊರಿನ ಹುಡುಗಿ. ಜೋಳದ ರೊಟ್ಟಿ ತಟ್ಟುವ ಮನೆಗೆ ರಾಗಿಮುದ್ದೆ ತಿರುವುವವಳು ಬಂದಳೆಂದು ದೊಡ್ಡಮ್ಮಂದಿರು ಬಹಳ ವರ್ಷ ಆಡಿಕೊಂಡರು. ಅಮ್ಮನ ರೊಟ್ಟಿ ದಪ್ಪ, ಅಮ್ಮನ ಮಾತು ಬೇರೆ, ಉಳಿದವರ ‘ಯಾಕ’ದ ನಡುವೆ ಅಮ್ಮ ‘ಯಾಕೆ’ ಎಂದರೆ ಎಲ್ಲರೂ ನಗುತ್ತಿದ್ದರು. ಆದರೂ ಅಮ್ಮ ‘ಯಾಕೆ’ ಎಂದು ಕೇಳುವುದನ್ನು ಬಿಡಲಿಲ್ಲ. ನನಗೆ ಅಮ್ಮನಿಂದ ಬಂದ ಆಸ್ತಿ ಎಂದರೆ ಅದೇ.

ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೆ ಪೂಜೆ ಮಾಡಿ ಅವತ್ತು ಅದನ್ನು ಮುಟ್ಟದಿರುವುದು, ಮಕ್ಕಳ ಪುಸ್ತಕ ಪೂಜೆಗಿಟ್ಟು ಅವತ್ತು ಓದದಿರುವುದು ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ. ನಮ್ಮ ದೊಡ್ಡಪ್ಪ ಅದನ್ನು ಇಡೀ ಬೇಸಿಗೆಗೆ ಎಳೆದಿದ್ದರು. ಪರೀಕ್ಷೆ ಮುಗಿದ ದಿನ ದೇವರ ಕೋಣೆಯ ಮುಂದೆ ಒಂದು ಹಳದಿ ಬಟ್ಟೆ ಹಾಸುತ್ತಿದ್ದರು. ನಾವು ಅಣ್ಣತಮ್ಮಂದಿರು, ಅಕ್ಕತಂಗಿಯರು ಸ್ನಾನ ಮಾಡಿ ಸಾಲಾಗಿ ಬಂದು ನಮ್ಮ ನಮ್ಮ ಪುಸ್ತಕಗಳನ್ನು ಅದರ ಮೇಲಿಡಬೇಕು. ವಿಭೂತಿ ಹಚ್ಚಿ, ಹೂವೇರಿಸಿ, ಗಂಟು ಕಟ್ಟಿ, ಸರಸ್ವತಿ ಪಟದ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು.

“ವರ್ಷಪೂರ್ತಿ ನಿಮ್ಮ ಬಾಯಾಗ ಸಿಕ್ಕು ಸುಸ್ತಾಗ್ಯಾಳ ತಾಯಿ. ಸಾಲಿ ತೆರಿಯೋತನಕ ಮಲಗ್ಲಿ. ಯಾರೂ ಮುಟ್ಟಬ್ಯಾಡ್ರಿ.”

ದೊಡ್ಡಪ್ಪ ಇದನ್ನು ಮನಸ್ಸಿನಿಂದ ನಂಬಿದ್ದರು. ಒಂದು ದಿನದ ವಿಶ್ರಾಂತಿಗೇ ಅಷ್ಟು ಪುಣ್ಯವಿದ್ದರೆ ಎರಡು ತಿಂಗಳಿಗೆ ಎಷ್ಟಿರಬೇಡ ಎನ್ನುವುದು ಅವರ ವ್ಯಾಪಾರದ ಬುದ್ಧಿ. ಮಕ್ಕಳಿಗಂತೂ ಇಂಥ ದೇವಿ ಸಿಕ್ಕಿದ್ದು ಹಬ್ಬವೇ. ನನಗೂ ಹಬ್ಬವಾಗಿತ್ತು, ಆ ಬೇಸಿಗೆಯ ತನಕ.

ಆ ಬೇಸಿಗೆ ಪರೀಕ್ಷೆ ಮುಗಿದ ದಿನ ನಮ್ಮ ಅಕ್ಕೋರು, ಅಂದರೆ ನಮ್ಮ ಟೀಚರು, ಅಮ್ಮನನ್ನು ಶಾಲೆಗೆ ಕರೆಸಿದರು. ಹುಣಸೆಮರದ ಕೆಳಗೆ ನನ್ನೆದುರಿಗೇ ಹೇಳಿದರು.

“ಈಕಿಗೆ ಓದು ಬಂದಿಲ್ಲವಾ. ಸಾಲಿ ತೆರೆದ ದಿನ ಒಂದು ಪಾಠ ತೆಗೆದು ಓದಸ್ತೀನಿ. ಓದಿದ್ರ ಐದನೇ ಕ್ಲಾಸಿಗೆ ಕುಂದ್ರಸ್ತೀನಿ, ಇಲ್ಲಾಂದ್ರ ನಾಕರಾಗನ ಇರ್ಲಿ. ಸೂಟ್ಯಾಗ ಪುಸ್ತಕ ಬಿಡಿಸಬ್ಯಾಡ.”

ಅಮ್ಮ ಈ ಮಾತನ್ನು ಮನೆಗೆ ತಂದಳು. ನಮ್ಮ ಮನೆಯಲ್ಲಿ ಸೊಸೆಯಂದಿರು ದೊಡ್ಡ ಭಾವನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ಸೆರಗು ಹೊದ್ದು, ಅಡುಗೆಮನೆಯ ಬಾಗಿಲ ಮರೆಗೆ ನಿಂತು ಅತ್ತೆಗೆ ಹೇಳಬೇಕು. ಭಾವನೂ ಪಕ್ಕದಲ್ಲೇ ಕೂತು ಕೇಳಿಸಿಕೊಂಡು ತಾಯಿಗೆ ಉತ್ತರ ಕೊಡಬೇಕು. ನಡುವೆ ಅಜ್ಜಿ ಎಲೆ ಅಡಿಕೆ ಜಗಿಯುತ್ತಿರುತ್ತಿದ್ದಳು. ದೊಡ್ಡಪ್ಪ ಎಲ್ಲ ಕೇಳಿ ಹೇಳಿದ್ದು ಇಷ್ಟು:

“ನಮ್ಮ ಮನಿ ಹುಡುಗಿ ಸಣ್ಣ ಹುಡುಗ್ರ ಜೋಡಿ ಮತ್ತ ಕುಂದ್ರೋದಾ? ಅದೆಲ್ಲ ಬ್ಯಾಡ. ಐದಕ್ಕ ಕುಂದ್ರಿಸಿದ್ರ ಹೋಗ್ಲಿ. ಇಲ್ಲಾಂದ್ರ ಸಾಲಿ ಸಾಕು, ಮನ್ಯಾಗ ಹಪ್ಪಳ ಮಾಡೋದು ಕಲೀಲಿ ಅಂತ ಹೇಳವ್ವಾ.”

“ಪುಸ್ತಕ ಕಟ್ಟಿ ಮೇಲಿಟ್ಟುಬಿಟ್ರೆ ಹೆಂಗೆ ಓದ್ತಾಳೆ ಅಂತ ಕೇಳಿ ಅತ್ತೆ.”

“ತಾಯಿ ಮನಸು ಮಾಡಿದ್ರ ತಾನ ಬರತೈತಿ ಅಂತ ಹೇಳು.”

“ನಾನು ಯಾರಿಗಂತ ಹೇಳ್ಲಿ?” ಅಂದಳು ಅಜ್ಜಿ. “ಇಬ್ರಿಗೂ ಕಿವಿ ಅದಾವಲ್ಲ.”

ಸಂಜೆ ದೊಡ್ಡಪ್ಪ ಹಳದಿ ಬಟ್ಟೆ ಹಾಸಿದರು. ನನ್ನ ಕನ್ನಡ ಪುಸ್ತಕವೂ ಗಂಟಿನೊಳಗೆ ಹೋಯಿತು. ಗಂಟಿನ ಒಂದು ಮೂಲೆಯಲ್ಲಿ ಅದರ ಅಂಚು ಉಬ್ಬಿಕೊಂಡು ಕಾಣುತ್ತಿತ್ತು. ಓದಲು ಬಾರದ ಪುಸ್ತಕವೊಂದು ಹಾಗೆ ಮೇಲೆ ಹೋದಾಗ ಅಳು ಬಂದೀತೆಂದು ನಾನು ಎಣಿಸಿರಲಿಲ್ಲ. ಅಮ್ಮ ಅಳಲಿಲ್ಲ. ಮರುದಿನದ ಸಂಡಿಗೆಗೆ ಅಕ್ಕಿ ನೆನೆಹಾಕಲು ಎದ್ದು ಹೋದಳು.

ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಳೆಯ ಪಂಚೆಗಳನ್ನು ಒದ್ದೆ ಮಾಡಿ ಹಾಸಿ ಅವುಗಳ ಮೇಲೆ ಸಂಡಿಗೆ, ಈಚಲ ಚಾಪೆಗಳ ಮೇಲೆ ಶಾವಿಗೆ, ಒಂದು ಮೂಲೆಯಲ್ಲಿ ಕೆಂಪು ಮೆಣಸಿನಕಾಯಿ. ಕಾಗೆ ಕಾಯುವುದು ಮಕ್ಕಳ ಕೆಲಸ. ಆ ಸಲ ಅಮ್ಮ ದಿನವಿಡೀ ಕಾಯುವ ಪಾಳಿ ನನಗೊಬ್ಬಳಿಗೇ ಹಾಕಿದಳು. ಮಿಕ್ಕ ಮಕ್ಕಳು ಖುಷಿಯಿಂದ ಈಜಲು ಓಡಿದರು. ನನಗೆ ಅಮ್ಮನ ಮೇಲೆ ವಿಪರೀತ ಕೋಪ ಬಂತು. ಮೋಟುಗೋಡೆಯ ಗೇಣು ನೆರಳಿದ್ದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತೆ. ಅಮ್ಮ ಏಣಿ ಹತ್ತಿ ಬಂದು ಸೊಂಟದಿಂದ ಒಂದು ಕಾಗದ ತೆಗೆದಳು. ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದಿದ್ದ ಹಳೆ ವಾರಪತ್ರಿಕೆಯ ಹಾಳೆ. ನೀವಿ ನೀವಿ ನೆಟ್ಟಗೆ ಮಾಡಿದ್ದಳು, ಇನ್ನೂ ಅಂಟಂಟಾಗಿತ್ತು.

“ಓದಮ್ಮಿ. ಜೋರಾಗಿ ಓದಬೇಕು. ದನಿ ಕೇಳಿದ್ರೆ ಕಾಗೆ ಇಳಿಯಕಿಲ್ಲ.”

“ನಂಗೆ ಬರಲ್ಲ. ತಪ್ಪಾಗುತ್ತೆ.”

“ಆಗ್ಲಿ. ತಪ್ಪು ಓದಿದ್ದು ಕಾಗೆಗೇನು ಗೊತ್ತಾಯ್ತದೆ?”

ಅಮ್ಮನ ಜೊತೆ ನಾನು ಅಮ್ಮನ ಮಾತಿನಲ್ಲೇ ಮಾತಾಡುತ್ತಿದ್ದೆ. ಶಾಲೆಯಲ್ಲಿ ಒಂದಕ್ಷರ ಎಡವಿದರೆ ನಲವತ್ತು ಮಕ್ಕಳು ನಗುತ್ತಿದ್ದರು. ಇಲ್ಲಿ ನಗುವವರಿರಲಿಲ್ಲ. ಬೆಲ್ಲ ಮೆತ್ತಿದ ಆ ಹಾಳೆಯಲ್ಲಿ ಮೊದಲು ಗೊಬ್ಬರದ ಜಾಹೀರಾತು ಓದಿದೆ, ಆಮೇಲೆ ಕೂದಲು ಉದುರದಿರಲು ಮದ್ದು. ಕಾಗೆ ಹತ್ತಿರ ಬಂದಾಗ ದನಿ ಏರಿಸುತ್ತಿದ್ದೆ, ದನಿ ಏರಿಸಬೇಕೆಂದರೆ ನಡುವೆ ನಿಲ್ಲುವ ಹಾಗಿಲ್ಲ, ಅಕ್ಷರ ಕೂಡಿಸುತ್ತ ಕೂರುವ ಹಾಗಿಲ್ಲ. ತಪ್ಪೋ ಸರಿಯೋ ನುಗ್ಗಬೇಕು. ಹಾಗೆ ನುಗ್ಗಿ ನುಗ್ಗಿಯೇ ಒಂದು ದಿನ ಸಾಲಿನ ಕೊನೆ ಮುಟ್ಟಿದಾಗ ಅದರ ಮೊದಲು ನೆನಪಿತ್ತು. ಕೂಗಿ ಅಮ್ಮನನ್ನು ಕರೆದೆ. ಹಿಟ್ಟಿನ ಕೈಯಲ್ಲೇ ಮೇಲೆ ಬಂದ ಅಮ್ಮ ಆ ಸಾಲನ್ನು ಮತ್ತೆ ಓದಿಸಿದಳು, ಮತ್ತೆ ಓದಿಸಿದಳು. ಆಮೇಲೆ ಪಕ್ಕದಲ್ಲಿ ಕೂತು, ನಾನು ಕೇಳದಿದ್ದರೂ ಹೇಳಿದಳು.

“ನಾನು ಏಳನೇ ಕ್ಲಾಸು ಪಾಸಾಗಿ ಬೇಸಿಗೆ ರಜಕ್ಕೆ ಅಂತ ಮನೇಗೆ ಬಂದೆ ಕಣಮ್ಮಿ. ಹಪ್ಪಳ ಮಾಡು ಅಂದ್ರು, ಮಾಡ್ದೆ. ಗಂಡು ಬಂದೈತೆ ಅಂದ್ರು. ಆ ರಜ ಇನ್ನೂ ಮುಗಿದೇ ಇಲ್ಲ.”

ಇದನ್ನು ಹೇಳುವಾಗ ಅಮ್ಮ ಸಂಡಿಗೆಯೊಂದನ್ನು ಮಗುಚಿ ಹಾಕುತ್ತಿದ್ದಳು. ನನಗೆ ಆಗ ಅರ್ಥವಾಗಲಿಲ್ಲ ಎಂದು ಬರೆದರೆ ಅದು ಸುಳ್ಳು. ಪೂರ್ತಿ ಅರ್ಥವಾಯಿತು. ಅದಕ್ಕೇ ಸಿಟ್ಟೂ ಬಂತು, ಆ ಸಿಟ್ಟನ್ನು ನಾನು ಇವತ್ತಿನ ತನಕ ಆರಲು ಬಿಟ್ಟಿಲ್ಲ.

ಕಾಗದಗಳು ಬರುತ್ತಲೇ ಇದ್ದವು. ಅಂಗಡಿ ನಮ್ಮದೇ ಆದ್ದರಿಂದ ಜೀರಿಗೆ, ಕೊತ್ತಂಬರಿ, ಹುಣಸೆಹಣ್ಣು ಎಲ್ಲವೂ ರದ್ದಿ ಪತ್ರಿಕೆಯಲ್ಲೇ ಬರುತ್ತಿತ್ತು. ಅಮ್ಮ ಕನ್ನಡದವನ್ನು ಆರಿಸಿ ಮೇಲೆ ತರುತ್ತಿದ್ದಳು. ಒಮ್ಮೆ ಒಂದು ಧಾರಾವಾಹಿಯ ಹಾಳೆ ಸಿಕ್ಕಿತು. ಸುಮಿತ್ರಾ ಎಂಬ ಹುಡುಗಿ ಗೊತ್ತಿಲ್ಲದ ಊರಿನ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದಿದ್ದಾಳೆ, ಕೈಯಲ್ಲಿರುವುದು ಬೇರೆ ಯಾರದೋ ಪೆಟ್ಟಿಗೆ. ಅವಳು ಅದರ ಚಿಲಕಕ್ಕೆ ಕೈ ಹಾಕುವಲ್ಲಿಗೆ ಹಾಳೆ ಹರಿದಿತ್ತು. ನಾನು ಓದಿ ನಿಲ್ಲಿಸಿದೆ. ಬೆಳಕಿಂಡಿಯಿಂದ ಅಜ್ಜಿಯ ದನಿ ಮೇಲೆ ಬಂತು.

“ಯಾಕ ನಿಂತಿತು? ಪೆಟ್ಟಿಗ್ಯಾಗ ಏನಿತ್ತು?”

“ಹರಿದೈತಿ ಅಜ್ಜಿ.”

“ಹರಿದೈತಿ ಅಂದ್ರ? ಉಳಿದಿದ್ದು ಎಲ್ಲೈತಿ?”

ಉಳಿದದ್ದು ಅಂಗಡಿಯ ರದ್ದಿಯ ರಾಶಿಯಲ್ಲಿತ್ತು. ಅಂದು ರಾತ್ರಿ ಊಟಕ್ಕೆ ಕೂತ ಮಗನಿಗೆ ಅಜ್ಜಿ, ತನಗೆ ಅಜೀರ್ಣವಾಗಿದೆಯೆಂದೂ ದಿನಾ ಒಂದು ಪೊಟ್ಟಣ ಜೀರಿಗೆ ಬೇಕೆಂದೂ, ಆ ಬೆಲ್ಲ ಕಟ್ಟಿದ್ದ ರಾಶಿಯ ಕಾಗದದಲ್ಲೇ ಕಟ್ಟಿಕೊಡಬೇಕೆಂದೂ ಹೇಳಿದಳು. ಕಾಗದ ಯಾಕೆ ಅದೇ ಆಗಬೇಕೆಂದು ದೊಡ್ಡಪ್ಪ ಕೇಳಲಿಲ್ಲ, ತಾಯಿ ಕೇಳಿದ್ದನ್ನು ತಂದುಕೊಡುವ ಮಗ ಅವರು. ಹೀಗೆ ದೇವಿಯನ್ನು ಮಲಗಿಸಿದ್ದ ದೊಡ್ಡಪ್ಪನೇ ದಿನಾ ಸಂಜೆ ನನ್ನ ಪಾಠವನ್ನು ಜೇಬಿನಲ್ಲಿಟ್ಟುಕೊಂಡು ಬರತೊಡಗಿದರು. ಸುಮಿತ್ರಾಳ ಹಿಂದಿನ ಕಂತುಗಳು ಸಿಕ್ಕವು, ಮುಂದಿನವೂ ಸಿಕ್ಕವು, ಪೆಟ್ಟಿಗೆ ತೆರೆದ ಕಂತು ಮಾತ್ರ ಸಿಗಲಿಲ್ಲ. ಮನೆಯಲ್ಲಿ ಜೀರಿಗೆ ಡಬ್ಬಿ ತುಂಬಿ, ಉಪ್ಪಿನಕಾಯಿಯ ಖಾಲಿ ಭರಣಿಯೂ ತುಂಬಿತು.

ನನ್ನ ದನಿಯೇ ನನ್ನನ್ನು ಹಿಡಿದುಕೊಟ್ಟಿತು. ಒಂದು ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಬರುತ್ತಿದ್ದವರು ಓಣಿಯ ಮೂಲೆಯಲ್ಲೇ ಅದನ್ನು ಕೇಳಿಸಿಕೊಂಡು, ಚಪ್ಪಲಿ ಬಿಟ್ಟು, ನೇರ ಏಣಿ ಹತ್ತಿ ಬಂದರು. ನನ್ನ ಸುತ್ತ ಅವರ ಅಂಗಡಿಯ ಕಾಗದಗಳೇ ಹರಡಿಕೊಂಡಿದ್ದವು. ಒಂದನ್ನೆತ್ತಿ ಮೂಸಿದರು. ಜೀರಿಗೆ ವಾಸನೆ.

“ಅಕ್ಷರ ಅಂದಮ್ಯಾಲ ಅಕ್ಷರನ. ಪುಸ್ತಕದಾಗಿದ್ರೇನು, ಪೊಟ್ಟಣದಾಗಿದ್ರೇನು. ಮಲಗಿದಾಕಿನ ಎಬ್ಬಿಸಿ ಕಾಗಿ ಓಡಿಸಾಕ ಹಚ್ಚೀರಲ್ಲ.”

ಅಮ್ಮ ಮಾಳಿಗೆಯ ಆ ತುದಿಯಲ್ಲಿ ಸೆರಗು ಎಳೆದುಕೊಂಡು ನಿಂತಳು. ಅಜ್ಜಿ ಕೆಳಗಿದ್ದಳು, ಅಮ್ಮ ಬೆಳಕಿಂಡಿಗೆ ಬಗ್ಗಿ ಹೇಳಿದಳು.

“ಅತ್ತೆ, ಅಕ್ಷರ ಎಲ್ಲಾ ಆ ತಾಯೀನೇ ಆದ್ರೆ, ಅಂಗಡೀಲಿ ಅವಳನ್ನ ಹರಿದು ಹರಿದು ಮೆಣಸಿನಕಾಯಿ ಕಟ್ಟೋದು ಯಾಕೆ ಅಂತ ಕೇಳಿ.”

ಕೆಳಗಿನಿಂದ ಅಜ್ಜಿ ಕೇಳಿದ್ದೇ ಬೇರೆ.

“ಓದೋದು ಯಾಕ ನಿಲ್ಲಿಸಿದ್ರಿ? ಪೆಟ್ಟಿಗಿ ತೆಗೆದ್ಲೋ ಇಲ್ಲೋ?”

ದೊಡ್ಡಪ್ಪ ಹರಡಿದ್ದ ಕಾಗದಗಳನ್ನೆಲ್ಲ ಬಾಚಿಕೊಂಡು ಇಳಿದು ಹೋದರು. ಅಮ್ಮನ ಮಾತಿಗೆ ಅವರ ಉತ್ತರ ಮರುದಿನ ಬಂತು. ಬೆಲ್ಲ, ಜೀರಿಗೆ, ಮೆಣಸು ಎಲ್ಲವೂ ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಬಂದವು. ಅಂಗಡಿಯ ರದ್ದಿಯನ್ನೆಲ್ಲ ಅವರು ಮಾರಿಬಿಟ್ಟಿದ್ದರು. ಅಮ್ಮನ ಪ್ರಶ್ನೆ ನ್ಯಾಯವೆಂದು ಒಪ್ಪಿ, ಅದೇ ನ್ಯಾಯದಿಂದ ನನ್ನ ಓದು ನಿಲ್ಲಿಸಿದರು. ಅಜ್ಜಿ ಎಲೆಯ ಪೊಟ್ಟಣ ತಡವಿ ನೋಡಿ ದೂರ ತಳ್ಳಿದಳು. ಮೂರ್ನಾಲ್ಕು ದಿನ ಮಾಳಿಗೆಯ ಮೇಲೆ ನಾನು ಕೋಲು ಬೀಸುತ್ತ ಕಾಗೆ ಓಡಿಸಿದೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು, ಕಲಿತ ಅಕ್ಷರ ನಾಲಿಗೆಯಿಂದ ಜಾರುತ್ತಿದೆಯೆಂದು ನನಗೆ ಹೆದರಿಕೆ. ಕಣ್ಣು ಮುಚ್ಚಿದರೆ ಹಪ್ಪಳದ ಮಣೆ ಕಾಣುತ್ತಿತ್ತು.

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ದೇವರನ್ನು ಎಬ್ಬಿಸುತ್ತಿದ್ದವರು ದೊಡ್ಡಪ್ಪ. ಸ್ನಾನ ಮಾಡಿ, ಗಂಟೆ ಬಾರಿಸಿ, ಕರ್ಪೂರ ಬೆಳಗಿ ‘ಏಳಪ್ಪಾ ಶಿವನೇ’ ಎನ್ನುತ್ತಿದ್ದರು. ಆ ಗಂಟೆ ಕೇಳಿ ನಾವೂ ಏಳುತ್ತಿದ್ದೆವು. ಒಂದು ಬೆಳಿಗ್ಗೆ ಗಂಟೆ ಬೇಗ ಕೇಳಿಸಿತು. ಎದ್ದು ಹೋಗಿ ನೋಡಿದರೆ ದೇವರ ಕೋಣೆಯಲ್ಲಿ ಅಮ್ಮ. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲ ತುದಿಯಿಂದ ಹನಿ ಬೀಳುತ್ತಿತ್ತು. ಗೂಡಿನೊಳಗಿನ ಹಳದಿ ಗಂಟಿಗೆ ಆರತಿ ಎತ್ತುತ್ತಿದ್ದಳು.

“ಏಳು ತಾಯಿ. ನಿದ್ದೆ ಸಾಕು. ನಮ್ಮ ಹುಡುಗಿಗೆ ಕೆಲಸ ಐತೆ, ನಿಂಗೂ ಐತೆ.”

ದೊಡ್ಡಪ್ಪ ಒದ್ದೆ ಪಂಚೆಯಲ್ಲಿ ಹೊಸ್ತಿಲಿಗೆ ಬಂದು ನಿಂತರು. ಗಂಟು ಮುಟ್ಟಬೇಡವೆಂದು ಹೇಳು ಎಂದು ಅಜ್ಜಿಗೆ ಹೇಳಿದರು. ಅಮ್ಮ ಅಜ್ಜಿಗೆ ಉತ್ತರ ಕೊಡಲಿಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ ಭಾವನ ಕಡೆಗೆ ತಿರುಗಿ, ಸೆರಗು ಸರಿಮಾಡಿಕೊಂಡು, ನೇರ ಮಾತಾಡಿದಳು.

“ಭಾವನೋರೆ, ಮೂರು ಲೋಕ ಕಾಯೋ ಶಿವನ್ನ ನೀವು ದಿನಾ ಎಬ್ಬಿಸ್ತೀರಿ. ಅವನಿಗಿಲ್ದಿರೋ ದಣಿವು ಇವಳಿಗೆ ಯಾಕೆ? ನಾನೂ ಒಂದು ಬೇಸಿಗೇಲಿ ಪುಸ್ತಕ ಕಟ್ಟಿಟ್ಟೋಳೆ. ಬಿಚ್ಚೋಕೆ ಯಾರೂ ಬಿಡ್ಲಿಲ್ಲ. ಇವಳ್ದನ್ನ ನಾನೇ ಬಿಚ್ತೀನಿ.”

ಯಾರೂ ನಗಲಿಲ್ಲ, ‘ಯಾಕೆ’ ಎಂದಾಗಲೂ. ಅಮ್ಮ ಗಂಟು ಇಳಿಸಿ ಬಿಚ್ಚಿದಳು, ನನ್ನ ಪುಸ್ತಕ ತೆಗೆದುಕೊಂಡಳು, ಉಳಿದವನ್ನು ಮೊದಲಿನ ಹಾಗೇ ಕಟ್ಟಿ ಮೇಲಿಟ್ಟಳು. ದೊಡ್ಡಪ್ಪ ಹೊಸ್ತಿಲು ದಾಟಲಿಲ್ಲ. ಅವರು ಹೆದರಿದ್ದರು ಎಂದು ನನಗೆ ಈಗ ತೋರುತ್ತದೆ, ಅಮ್ಮನಿಗಲ್ಲ, ದೇವಿಗೆ. ಅವರು ಅಜ್ಜಿಯ ಕಡೆ ನೋಡಿದರು.

“ಆಕಿ ಎದ್ದಾತಲ್ಲ,” ಅಂದಳು ಅಜ್ಜಿ. “ಎದ್ದಾಕಿನ ಮತ್ತ ಮಲಗಸ್ತೀ ಏನು? ಏ ಹುಡುಗಿ, ಬೆಳಕಿಂಡಿ ಹತ್ರ ಕುಂತು ಓದು. ನನಗ ಕೇಳಬೇಕು.”

ದೊಡ್ಡಪ್ಪ ಅಂದು ಊಟಕ್ಕೆ ಬರಲಿಲ್ಲ. ಶಾಲೆ ತೆರೆಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಅಮ್ಮನ ಕೈಯ ರೊಟ್ಟಿ ತಿನ್ನುವುದನ್ನೂ ಬಿಟ್ಟರು, ದೊಡ್ಡಮ್ಮನೇ ಅವರಿಗೆ ಬೇರೆ ತಟ್ಟಬೇಕಾಯಿತು. ಅಪ್ಪ ಸರಕಿನ ತಿರುಗಾಟ ಮುಗಿಸಿ ಬಂದವನು ಎಲ್ಲ ಕೇಳಿ, ತಟ್ಟೆಯಿಂದ ತಲೆಯೆತ್ತಿ ಅಮ್ಮನನ್ನು ಒಮ್ಮೆ ನೋಡಿದ. ನಾನು ಮಾಳಿಗೆ ಹತ್ತಿ ಪುಸ್ತಕದ ಮೊದಲ ಪಾಠದಿಂದ ಕೊನೆಯ ಪಾಠದ ತನಕ ಕಾಗೆಗಳಿಗೆ ಓದಿದೆ, ಮತ್ತೆ ಮೊದಲಿನಿಂದ ಓದಿದೆ. ಆ ಪುಸ್ತಕದಲ್ಲಿ ಒಂದೂ ಪೆಟ್ಟಿಗೆ ಇಲ್ಲವೆಂದು ಅಜ್ಜಿಗೆ ಬೇಸರವಾಗಿತ್ತು.

ಶಾಲೆ ತೆರೆದ ದಿನ ಅಕ್ಕೋರು ಹೇಳಿದ ಹಾಗೇ ನನ್ನನ್ನು ಎಬ್ಬಿಸಿ ನಿಲ್ಲಿಸಿ, ನಡುವಿನ ಒಂದು ಪಾಠ ತೆಗೆದುಕೊಟ್ಟರು. ನಾನು ಉಸಿರೆಳೆದುಕೊಂಡು ಶುರುಮಾಡಿದೆ. ಪಕ್ಕದ ಕ್ಲಾಸಿನ ಮಗ್ಗಿ ನಿಂತಿತು. ಹೆಡ್ಮೇಷ್ಟ್ರು ಬಾಗಿಲಿಗೆ ಬಂದರು. ಅಕ್ಕೋರು ಕಿವಿಗೆ ಕೈಯಿಟ್ಟುಕೊಂಡರು.

“ಸಾಕವಾ, ಬಂತು. ಮೆಲ್ಲಕ ಓದು. ಯಾರನ್ನ ಓಡಿಸಬೇಕಾಗೇತಿ ನಿನಗ?”

ಐದನೇ ಕ್ಲಾಸಿನ ಮಣೆಯ ಮೇಲೆ ಹೋಗಿ ಕೂತೆ. ಮೆಲ್ಲಗೆ ಓದುವುದನ್ನು ಮಾತ್ರ ಕಲಿಯಲಿಲ್ಲ. ಕಲಿಯುವ ಮನಸ್ಸೂ ಇರಲಿಲ್ಲ.

ಮರುವರ್ಷ ಪರೀಕ್ಷೆ ಮುಗಿದ ದಿನ ದೇವರ ಕೋಣೆಯ ಮುಂದೆ ದೊಡ್ಡಪ್ಪ ಮತ್ತೆ ಹಳದಿ ಬಟ್ಟೆ ಹಾಸಿದರು. ಮಕ್ಕಳು ಸಾಲಾಗಿ ಬಂದು ಪುಸ್ತಕ ಇಟ್ಟರು. ನನ್ನ ಸರದಿ ಬಂತು. ಪುಸ್ತಕಗಳನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದೆ. ದೊಡ್ಡಪ್ಪ ಕೈ ಚಾಚಿದರು. ಒಂದು ವರ್ಷದಲ್ಲಿ ಅವರ ಸಿಟ್ಟು ಇಳಿದಿತ್ತು, ದನಿ ಎಂದಿನ ಹಾಗೇ ಮೆತ್ತಗಿತ್ತು.

“ಕೊಡವಾ.”

“ಕೊಡಂಗಿಲ್ರಿ, ದೊಡ್ಡಪ್ಪಾರ.”

ಪಡಸಾಲೆಯಲ್ಲಿ ಅಜ್ಜಿಯ ಜಗಿಯುವ ಸದ್ದು ನಿಂತಿತು. ದೊಡ್ಡಪ್ಪ ಚಾಚಿದ ಆ ಕೈಯಿಂದಲೇ ಒಂದು ಚಿಟಿಕೆ ವಿಭೂತಿ ತೆಗೆದು, ನಾನು ಹಿಡಿದುಕೊಂಡಿದ್ದ ಹಾಗೇ ಮೇಲಿನ ಪುಸ್ತಕಕ್ಕೆ ಹಚ್ಚಿ, ಉಳಿದವನ್ನು ಗಂಟು ಕಟ್ಟಿದರು. ನಾನು ಅಲ್ಲಿಂದ ಕದಲಲಿಲ್ಲ. ಮಾಳಿಗೆಯ ಮೇಲೆ ಶಾವಿಗೆ ಹರವುತ್ತಿದ್ದ ಅಮ್ಮನ ದನಿ ಬೆಳಕಿಂಡಿಯಿಂದ ಬಂತು.

“ಎಲ್ಲಿದ್ದೀಯಮ್ಮಿ? ಕಾಗೆ ಬಂದ್ವು, ಪುಸ್ತಕ ತಗಂಡು ಬಾ.”